ಮೊದಲ ನಿಂದರಸ್ರಿ

ಅವರ ಎಡಗೈ ಹೆಬ್ಬೆರಳಿನ ತುದಿ ಚಮಚದ ಹಾಗೆ ಚಪ್ಪಟೆಯಾಗಿತ್ತು. ಉಗುರು ಇರಲಿಲ್ಲ. ಹರೆಯದಲ್ಲಿ ಓಡುತ್ತಿದ್ದ ಮಗ್ಗದೊಳಗೆ ಕೈ ಹಾಕಿ, ಲಾಳಿ ಹೊಡೆಯುವ ಕೋಲಿನಿಂದ ಪೆಟ್ಟು ತಿಂದಿದ್ದರಂತೆ. ಮೈಯೆಲ್ಲ ಎಣ್ಣೆ, ಮಸಿ, ಒರಟು; ಉಗುರು ಹೋದ ಆ ಜಾಗ ಮಾತ್ರ ಎಳೆಕೂಸಿನ ಕೆನ್ನೆಯಷ್ಟು ಮೆತ್ತಗಿತ್ತು. ಮಗ್ಗ ಕೆಟ್ಟಿದೆ ಎಂದು ಯಾರಾದರೂ ಕರೆಸಿದರೆ ಅವರು ಆ ಬೆರಳನ್ನು ಪಾರ್ಟಿನ ಮೇಲೆ ಸವರುತ್ತಿದ್ದರು. ಕಣ್ಣು ಬೇರೆಲ್ಲೋ ಇರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಸವದೈತಿ" ಅನ್ನುತ್ತಿದ್ದರು. ಅವರು ಹಾಗೆಂದ ಮೇಲೆ ಬನಹಟ್ಟಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಪವರ್‌ಲೂಮ್ ರಿಪೇರಿ ಮಾಡುವವರಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ನಮ್ಮ ಓಣಿಗೆ ಇವರೇ ಜಾಬರ್, ನನಗೆ ಜಾಬರ್ ಕಾಕಾ. ರಕ್ತಸಂಬಂಧವೇನಿಲ್ಲ. ಅವರು ಮಲಗುವ ಕೋಣೆಗೂ ನಮ್ಮ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ ಇತ್ತು, ಅಷ್ಟೇ. ಅಪ್ಪ ಹೋದ ಮೇಲೆ ನಾಲ್ಕು ಮಗ್ಗಗಳನ್ನು ಅವ್ವನೇ ನಡೆಸುತ್ತಿದ್ದಳು. ಕಾಕಾ ಅವಕ್ಕೆಲ್ಲ ಒಂದೊಂದು ಹೆಸರಿಟ್ಟಿದ್ದರು. ಬಾಗಿಲ ಹತ್ತಿರದ್ದು ಮುದುಕಿ, ಅದರ ಪಕ್ಕದ್ದು ಬಡಬಡಿ, ಗೋಡೆಗೆ ಹತ್ತಿಕೊಂಡದ್ದು ಅಳಬುರಕಿ. ನಾಲ್ಕನೆಯದಕ್ಕೆ ಹೆಸರಿರಲಿಲ್ಲ, ಅದು ಎಂದೂ ಕೆಡುತ್ತಿರಲಿಲ್ಲ.

ಶೆಡ್ಡಿನೊಳಗೆ ಕಾಲಿಡುವಾಗ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ: "ಮೊದಲ ನಿಂದರಸ್ರಿ." ಆರಾಮಿದ್ದೀರಾ ಎಂಬ ವಿಚಾರಣೆ ಇಲ್ಲ, ಏನಿಲ್ಲ. ಸದ್ದು ಹೀಗೆ ಬರುತ್ತಿದೆ, ನೂಲು ಇಲ್ಲಿ ಹರಿಯುತ್ತಿದೆ ಎಂದು ಅವ್ವ ವಿವರಿಸಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು.

"ವೈನಿ, ಮೊದಲ ನಿಂದರಸ್ರಿ, ಆಮ್ಯಾಲ ಮಾತಾಡ್ರಿ. ಸವದ ಪಾರ್ಟ್ ಓಡಿಸಿದಷ್ಟೂ ಸವಿತೈತಿ. ತಾನಷ್ಟ ಹಾಳಾಗೂದಿಲ್ಲ, ಬಾಜೂದ್ದನ್ನೂ ತಿಂತೈತಿ."

ಮಗ್ಗ ನಿಂತ ಮೇಲೆಯೇ ಅವರು ಎಣ್ಣೆಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು. ಕುರ್ಚಿ ಕೊಟ್ಟರೆ ಒಲ್ಲೆ ಎನ್ನುತ್ತಿದ್ದರು. ಹಿಂದಿನ ಓಣಿಯ ಮಾಲೀಕನೊಬ್ಬ ಇವರು ನಿಲ್ಲಿಸು ಅಂದರೂ ಕೇಳದೆ, ಸೀರೆಯ ಸೆರಗು ಮುಗಿಯಲಿ ಎಂದು ಸಂಜೆತನಕ ಮಗ್ಗ ಓಡಿಸಿದನಂತೆ. ಇವರು ಅವನ ಮನೆ ಕಡೆ ದಸರೆ ಬರುವ ತನಕ ಮುಖ ಹಾಕಲಿಲ್ಲ. ಆಯುಧ ಪೂಜೆಯ ದಿನ ಅವನು ತೆಂಗಿನಕಾಯಿ ಹಿಡಿದು ಬಂದು ಕರೆದುಕೊಂಡು ಹೋಗಬೇಕಾಯಿತು.

ನನಗೆ ಅವರ ಮೇಲೆ ಬಹಳ ಪ್ರೀತಿ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಮನುಷ್ಯ ಸಿಡುಕ. ಯಾವ ತಮಾಷೆಗೂ ನಗುತ್ತಿರಲಿಲ್ಲ. ನಾನು ಬಿ.ಕಾಂ. ಪಾಸಾದಾಗ ಪೇಡೆ ಕೊಡಲು ಹೋದರೆ, ಬಾಯಿಗೆ ಹಾಕಿಕೊಂಡು, "ಸಕ್ಕರಿ ಜಾಸ್ತಿ ಆಗೈತಿ" ಅಂದಿದ್ದರು. ಆದರೆ ಅವರಿಲ್ಲದ ಓಣಿಯನ್ನು ನಾವ್ಯಾರೂ ಊಹಿಸಿಕೊಂಡಿರಲಿಲ್ಲ. ಊಹಿಸಿಕೊಳ್ಳುವ ಪ್ರಸಂಗ ಬಂದದ್ದು ಒಂದು ಬೀಮಿನಿಂದ.

ಬೀಮ್ ಎಂದರೆ ಹಾಸಿನ ನೂಲು ಸುತ್ತಿದ ಉದ್ದನೆಯ ಉರುಳೆ. ತುಂಬಿದ್ದರೆ ಇಬ್ಬರು ಗಂಡಸರ ಭಾರ. ರಬಕವಿ ರಸ್ತೆಯ ಒಂದು ಶೆಡ್ಡಿನಲ್ಲಿ ಅದರ ಒಂದು ತುದಿಯನ್ನು ಎತ್ತುವಾಗ ಕಾಕಾನ ಟೊಂಕದಲ್ಲಿ ಏನೋ ಕಳಕ್ ಎಂದಿತು. ಬೀಮನ್ನು ಕೆಳಗೆ ಬಿಡದೆ ಅದರ ಜಾಗಕ್ಕೆ ಕೂರಿಸಿಯೇ ಅವರು ನೆಲಕ್ಕೆ ಒರಗಿದರಂತೆ. ಆಟೋದಲ್ಲಿ ಅಡ್ಡ ಮಲಗಿಸಿ ಮನೆಗೆ ತಂದರು.

ನೋವು ಇಳಿಯದಿದ್ದಾಗ ಅಳಿಯ ಅವರನ್ನು ಜಮಖಂಡಿಗೆ ಕರೆದುಕೊಂಡು ಹೊರಟ. ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದರು, ಅಲ್ಲಿಂದ ಅಳಿಯ ಬಂದಿದ್ದ. ನಾನು ಜಮಖಂಡಿ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ, ಆಸ್ಪತ್ರೆ ಓಣಿ ನನಗೆ ಗೊತ್ತು, ಹಾಗಾಗಿ ನಾನೂ ಜೊತೆಗೆ ಹೋದೆ. ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನಿಧಾನವಾಗಿಯೇ ಹೇಳಿದರು.

"ಯಜಮಾನ್ರ, ಮಣಕಾ ಸವದಾವ. ನಡುವಿನ ಗಾದಿ ಒಣಗೈತಿ. ವಯಸ್ಸಿಗೆ ಆಗೂದ, ಹೆದರಬ್ಯಾಡ್ರಿ. ನೋವ ಇರೂ ತನಕ ಭಾರ ಎತ್ತಬ್ಯಾಡ್ರಿ. ನೋವ ಇಳದಂಗ ಅಡ್ಡಾಡಕೋತ ಇರ್ರಿ."

ಬೆನ್ನೆಲುಬಿನ ಒಂದೊಂದು ಎಲುಬಿಗೂ ನಮ್ಮ ಕಡೆ ಮಣಕಾ ಎನ್ನುತ್ತಾರೆ, ನಡುವಿನ ಮೆತ್ತೆಗೆ ಗಾದಿ. ಡಾಕ್ಟರು ಹೇಳಿದ್ದು ಐದು ಮಾತು, ಕಾಕಾ ಕೇಳಿಸಿಕೊಂಡದ್ದು ಮೊದಲನೆಯದೊಂದನ್ನೇ. "ಹೊಸಾ ಪಾರ್ಟ್ ಸಿಗೂದಿಲ್ಲೇನ್ರಿ?" ಎಂದು ಕೇಳಿದರು. ಡಾಕ್ಟರು ನಕ್ಕರು. ಕಾಕಾ ನಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಮುಂದಿನ ಕಂಬಿ ಹಿಡಿದುಕೊಂಡು, "ನಿಂದರಸಬೇಕು" ಅಂದರು. ಡ್ರೈವರ್ ಹುಡುಗ ಗಾಬರಿಯಾಗಿ ಗಕ್ಕನೆ ಬ್ರೇಕ್ ಹಾಕಿದ.

"ನಿನಗಲ್ಲೋ ತಮ್ಮಾ, ನೀ ನಡಿ," ಎಂದರು ಕಾಕಾ.

ಯಾರಿಗೆ ಹೇಳಿದ್ದೆಂದು ಮನೆ ಮುಟ್ಟಿದ ಮೇಲೆ ತಿಳಿಯಿತು. ಅವರು ಗೋಡೆ ಪಕ್ಕದ ಮಂಚದ ಮೇಲೆ ಮಲಗಿದರು, ಮತ್ತೆ ಏಳಲೊಲ್ಲೆ ಎಂದರು. ಸವೆದ ಪಾರ್ಟನ್ನು ಏನು ಮಾಡಬೇಕು ಎಂಬುದರಲ್ಲಿ ಅವರಿಗೆ ಜೀವನದಲ್ಲಿ ಎಂದೂ ಅನುಮಾನ ಬಂದಿರಲಿಲ್ಲ, ಈಗಲೂ ಬರಲಿಲ್ಲ. ಉಣ್ಣುವುದು ಒಂದು ಮಗ್ಗುಲಿಗೆ ಮಲಗಿಕೊಂಡೇ. ಬಚ್ಚಲಿಗೆ ಮಾತ್ರ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಹೆಗಲು ಹಿಡಿದು, ಉಸಿರು ಬಿಗಿಹಿಡಿದು ಹೋಗುತ್ತಿದ್ದರು. ಟೊಂಕ ಅಲುಗದಂತೆ ಹೊಟ್ಟೆಗೆ ಬೆಲ್ಟಿನಂಥ ಪಟ್ಟಾ ಬಿಗಿದಿದ್ದರು. ಕೆಮ್ಮು ಬಂದರೆ ತಡೆದುಕೊಳ್ಳುತ್ತಿದ್ದರು, ಅದರಿಂದಲೂ ಸವೆಯುತ್ತದೆ ಎಂದು. ನೋಡಲು ಹೋದವರಿಗೆಲ್ಲ ಒಂದೇ ಮಾತು: "ಎಷ್ಟ ಉಳದೈತಿ, ಅಷ್ಟರೆ ಉಳಸ್ಕೋಬೇಕು."

ನೋವು ಕಡಿಮೆಯಾಗಲಿಲ್ಲ. ಟೊಂಕದಲ್ಲಿದ್ದದ್ದು ಬೆನ್ನಿಗೆ ಏರಿತು, ತೊಡೆಗೆ ಇಳಿಯಿತು. ತೊಡೆಗಳು ಬಡವಾದವು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಎಷ್ಟು ಗಟ್ಟಿಯಾಗಿ ನರಳುತ್ತಿದ್ದರೆಂದರೆ ನಮ್ಮ ಶೆಡ್ಡಿನಲ್ಲಿ ಮಗ್ಗ ನಿಂತಿದ್ದ ಹೊತ್ತಿನಲ್ಲಿ ನಮಗೂ ಕೇಳಿಸುತ್ತಿತ್ತು. ನೋವು ಹೆಚ್ಚಿದಷ್ಟೂ ಅವರ ಲೆಕ್ಕ ಗಟ್ಟಿಯಾಗುತ್ತಿತ್ತು: ಇಷ್ಟು ಸುಮ್ಮನಿದ್ದರೂ ಇಷ್ಟು ನೋವೆಂದರೆ, ಎದ್ದರೆ ಮುಗಿದೇ ಹೋಯಿತು. ಗಲಗಲಿಯಿಂದ ಬಂದ ಷಡ್ಡಕ ಒಬ್ಬರು ಎಣ್ಣೆ ತಿಕ್ಕುತ್ತೇನೆ ಎಂದಾಗ ಅವರಿಗೂ ಮೈ ಮುಟ್ಟಗೊಡಲಿಲ್ಲ.

ಕಾಕು ಒಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಲ್ಲಿ ಕುಳಿತು ಅವ್ವನೊಡನೆ ಹೇಳಿದ ಮಾತು ನನಗೆ ನೆನಪಿದೆ. ಅವಳು ಅಳುತ್ತಿರಲಿಲ್ಲ, ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು.

"ಸತ್ತಿದ್ರ ಒಂದ ಸಲ ಅತ್ತು ಸುಮ್ಮನಾಗತಿದ್ನಿ ವೈನಿ. ಇವರು ಕಣ್ಣ ಬಿಟ್ಕೊಂಡ ನಿಂತಬಿಟ್ಟಾರ. ನಾ ಏನ ಮಾಡ್ಲಿ?"

ಅವ್ವನೂ ಮೊರ ಎಳೆದುಕೊಂಡು ಹರಳು ಆರಿಸತೊಡಗಿದಳು.

ಮಗಳು ಮುಧೋಳದಿಂದ ಫಿಜಿಯೋಥೆರಪಿ ಮಾಡುವ ಒಬ್ಬ ಡಾಕ್ಟರಬಾಯಾರನ್ನು ಕರೆತಂದಳು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಮಂಚದ ಪಕ್ಕ ನೆಲಕ್ಕೇ ಕುಳಿತು ಅವರ ಕಾಲು ಮಡಚಿ, ಚಾಚಿ, ಎಲ್ಲ ನೋಡಿ, ಫಿಲ್ಮನ್ನೂ ನೋಡಿ ಹೇಳಿದರು:

"ಕಾಕಾರ, ನಿಮ್ಮ ವಾರಗಿ ಮಂದೀನ ಕರಕೊಂಡ ಹೋಗಿ ಫೋಟೋ ತಗಸಿದ್ರ ಬಾಳ ಮಂದೀದು ಹಿಂಗ ಇರತೈತಿ. ಅವರಾಗ ಟೊಂಕ ನೋವಂದ್ರ ಏನು ಅಂತ ಗೊತ್ತಿಲ್ಲದವರೂ ಅದಾರ. ಕೂದಲ ಬೆಳ್ಳಗಾದ್ರ ತಲಿ ನೋಯತೈತೇನ್ರಿ?"

"ಕೂದಲ ಓಡೂ ಪಾರ್ಟ್ ಅಲ್ಲರಿ ಬಾಯಾರ," ಎಂದರು ಕಾಕಾ.

"ಅಡ್ಡಾಡ್ರಿ ಕಾಕಾರ. ಸ್ವಲ್ಪ ಸ್ವಲ್ಪ. ಮಲಗಿದಷ್ಟೂ ಮೈ ಗಡಸ ಆಗತೈತಿ, ನೋವು ಜಾಸ್ತಿ ಆಗತೈತಿ."

"ಓಡಿಸಿದ್ರ ಸವಿತೈತಲ್ಲರಿ?"

"ಕಬ್ಬಿಣಕ್ಕ ರಕ್ತ ಇಲ್ಲರಿ. ನಿಮಗೈತಿ. ಮೈ ಓಡಿದ್ರ ತನ್ನ ರಿಪೇರಿ ತಾನ ಮಾಡ್ಕೋತೈತಿ."

ಕಾಕಾ ಸೂರು ನೋಡುತ್ತ ಸ್ವಲ್ಪ ಯೋಚಿಸಿದರು. "ಮಗ್ಗ ತನ್ನ ಎಣ್ಣಿ ತಾನ ಹಾಕ್ಕೊಂಡದ್ದು ನಾ ಇನ್ನೂ ತನಕ ಕಂಡಿಲ್ಲ," ಎಂದರು. ಡಾಕ್ಟರಬಾಯಾರಿಗೆ ನಗು ಬಂದರೂ ಬಿಡಲಿಲ್ಲ. ಮೊಣಕಾಲು ಮಡಚಿ ಟೊಂಕ ಹೊರಳಿಸುವುದನ್ನು, ಕೈಯೂರಿ ಏಳುವುದನ್ನು ಮಾಡಿಸಿದರು. ಅವರು ಇರುವ ತನಕ ಕಾಕಾ ಮಾಡಿದರು. ಅವರ ಗಾಡಿಯ ಸದ್ದು ಓಣಿ ದಾಟಿದ ಕೂಡಲೇ ಮತ್ತೆ ಮರದ ದಿಮ್ಮಿಯ ಹಾಗೆ ಬಿದ್ದುಕೊಂಡರು. ಇದು ಹೀಗೇ ಬಹಳ ದಿನ ನಡೆಯಿತು. ಆ ಹೆಣ್ಣುಮಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಕೇಳುವವರಿರಲಿಲ್ಲ.

ಈ ನಡುವೆ ನಮ್ಮ ಅಳಬುರಕಿ ಕೆಟ್ಟಿತು. ಕಾಕಾ ಇಲ್ಲವಲ್ಲ ಎಂದು ಅವ್ವ ಬೇರೆ ಕಡೆಯ ಜಾಬರೊಬ್ಬನನ್ನು ಕರೆಸಿದಳು. ಅವನು ರಿಪೇರಿ ಮಾಡಿ ಹೋದ. ಮಗ್ಗ ಓಡಿತು, ಆದರೆ ಲಾಳಿ ಹೊಡೆಯುವ ಕೋಲಿನ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ನನ್ನ ಕಿವಿಗೆ ಅದು ಗೊತ್ತಾಗಲಿಲ್ಲ. ಗೋಡೆಯಾಚೆ ಮಲಗಿದ್ದವರಿಗೆ ಗೊತ್ತಾಯಿತು. ಮಧ್ಯಾಹ್ನ ಕಾಕು ಬಂದು ಸುದ್ದಿ ಹೇಳಿದಳು.

"ವೈನಿ, ಇವರು ಮುಂಜಾನಿಂದ ಚಡಪಡಸಾಕತ್ತಾರ. ಮೂರನೇದ್ದು ತಡಾ ಹೊಡ್ಯಾಕತ್ತೈತಿ ಅಂತ ನಿಮಗ ಹೇಳಿ ಬಾ ಅಂತಾರ."

"ಅಯ್ಯ, ಹೌದೇನ? ಹಂಗಾದ್ರ ನಾಳೆ ಅವನ್ನ ಮತ್ತ ಕರಸ್ತೇನಿ," ಎಂದಳು ಅವ್ವ.

ಕಾಕು ಹೊಸ್ತಿಲು ದಾಟಿದವಳು ತಿರುಗಿ ನಿಂತಳು. ಒಮ್ಮೆ ತಮ್ಮ ಮನೆಯ ಕಡೆ ನೋಡಿದಳು.

"ಕರಸಬ್ಯಾಡ್ರಿ."

"ಬಟ್ಟಿ ಕೆಡತೈತಲ್ಲ ತಂಗಿ?"

"ಕೆಡಲಿ ಬಿಡ್ರಿ. ಮಗ್ಗ ಹಂಗ ಓಡಲಿ."

ಅವ್ವ ಒಂದು ಕ್ಷಣ ಅವಳ ಮುಖ ನೋಡಿದಳು. ಅವ್ವನಂಥ ಲೆಕ್ಕದ ಹೆಂಗಸು ಗೊತ್ತಿದ್ದೂ ಕೆಟ್ಟ ಬಟ್ಟೆ ನೇಯಿಸಿದ್ದು ಅದೊಂದೇ ಸಲ. ಮರುದಿನ ಅಳಬುರಕಿಯನ್ನು ಬೆಳಿಗ್ಗೆಯಿಂದಲೇ ಓಡಿಸತೊಡಗಿದಳು. ಉಳಿದ ಮೂರನ್ನು ಬೇಕೆಂದೇ ನಡುನಡುವೆ ನಿಲ್ಲಿಸುತ್ತಿದ್ದಳು, ಗೋಡೆಯಾಚೆಗೆ ಅದೊಂದರ ಸದ್ದೇ ಚೆನ್ನಾಗಿ ಕೇಳಲಿ ಎಂದು. ಕಾಕಾ ಒಳಗಿನಿಂದ ಗೋಡೆ ಗುದ್ದಿದರು. ಅವ್ವ ಕೇಳಿಸದವಳ ಹಾಗೆ ನೂಲು ಸುತ್ತುತ್ತಿದ್ದಳು. "ಕಿವಿ ಕೆಪ್ಪಾಗ್ಯಾವೇನ?" ಎಂದು ಅವರು ಕೂಗಿದ್ದೂ ಕೇಳಿಸಿತು. ಕಾಕುವನ್ನು ಹಿಡಿದು ಬೈದರಂತೆ. ಅವಳು, "ನಾ ಹೇಳೇನಿ, ಅವರು ಮಾಡವಲ್ಲರು, ನೀವ ಹೋಗಿ ಹೇಳ್ರಿ" ಎಂದು ಒಲೆಯ ಮುಂದೆ ಕುಳಿತುಬಿಟ್ಟಳಂತೆ.

ಅದು ರವಿವಾರ, ನಾನು ಮನೆಯಲ್ಲಿದ್ದೆ. ಓಣಿಯಲ್ಲಿ ಮಾತು ನಿಂತಂತಾಯಿತು. ಹೊರಗೆ ಬಂದು ನೋಡಿದರೆ ಕಾಕಾ. ಬನಿಯನ್ನಿನ ಮೇಲೆ ಪಟ್ಟಾ, ಕೆದರಿದ ತಲೆ, ಒಂದು ಕೈ ಗೋಡೆಯ ಮೇಲೆ. ಒಂದು ಕಡೆ ವಾಲಿಕೊಂಡು, ಕಾಲು ಎತ್ತದೆ ಎಳೆಯುತ್ತ ಬರುತ್ತಿದ್ದರು. ಹಿಡಿಯಲು ಓಡಿದವನೊಬ್ಬನನ್ನು ಬಾಗಿಲಲ್ಲಿ ನಿಂತಿದ್ದ ಕಾಕು ಕಣ್ಣಿನಲ್ಲೇ ತಡೆದಳು. ತನ್ನ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

ಶೆಡ್ಡಿನ ಬಾಗಿಲಿಗೆ ಬಂದು, "ಮೊದಲ ನಿಂದರಸ್ರಿ!" ಎಂದು ಗದರಿದರು. ಅವ್ವ ನಿಲ್ಲಿಸಿದಳು.

ನೋಡಬೇಕಾದ ಜಾಗ ಮಗ್ಗದ ಕೆಳಗಿತ್ತು. ಪಟ್ಟಾ ಬಗ್ಗಗೊಡಲಿಲ್ಲ. ಸ್ವಲ್ಪ ಹೊತ್ತು ಮಗ್ಗವನ್ನೂ ನೆಲವನ್ನೂ ನೋಡುತ್ತ ನಿಂತರು. ಆಮೇಲೆ ಪಟ್ಟಾ ಬಿಚ್ಚಿ ಪಕ್ಕಕ್ಕಿಟ್ಟು, ಚೌಕಟ್ಟು ಹಿಡಿದು ಇಂಚಿಂಚಾಗಿ ಕುಕ್ಕರಗಾಲಿನಲ್ಲಿ ಕುಳಿತರು. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಇವರು ಇನ್ನು ಏಳಲಾರರು, ಎತ್ತಿಕೊಂಡೇ ಹೋಗಬೇಕು ಎಂದು ನಾನು ಅಂದುಕೊಂಡೆ. ಅವರು ಬೆರಳಾಡಿಸಿ, ಒಂದು ನಟ್ಟು ಸಡಿಲಿಸಿ, ಮತ್ತೆ ಬಿಗಿದು, "ಚಾಲೂ ಮಾಡ್ರಿ" ಎಂದರು. ಸದ್ದು ಸರಿಹೋದದ್ದು ಈಗ ನನಗೂ ತಿಳಿಯಿತು. "ಯವ್ವಾ" ಎಂದು ಕೂಗಿಯೇ ಎದ್ದರು, ಆದರೆ ಎದ್ದರು. ಅಂಗೈ ಅಗಲ ಬಟ್ಟೆ ಬೀಳುವ ತನಕ ನಿಂತು ನೋಡಿ, ಬಂದ ಹಾಗೆಯೇ ಮನೆಗೆ ಹೋದರು.

ಹೋಗಿ ಮಲಗಿ, "ಇವತ್ತ ಬಾಳ ಸವೀತು. ನಾಳೆ ನೋಡು ನನ್ನ ಗತಿ" ಎಂದು ಕಾಕುವಿಗೆ ಹೇಳಿದರಂತೆ. ಮರುದಿನ ಎದ್ದು ತಮ್ಮ ಟೊಂಕ ತಾವೇ ಮುಟ್ಟಿ ನೋಡಿಕೊಂಡರು. ನೋವು ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. "ಅಷ್ಟ ಐತಿ" ಎಂದರು, ಯಾರೋ ಮೋಸ ಮಾಡಿದ ಧ್ವನಿಯಲ್ಲಿ.

ಅವರು ಬದಲಾದರು ಎಂದು ಹೇಳಲಾರೆ. ಡಾಕ್ಟರಬಾಯಾರು ಮತ್ತೆ ಬಂದಾಗ ಕಾಕಾ ಕೊಟ್ಟ ವಿವರಣೆ ಬೇರೆಯೇ ಇತ್ತು. ಉಳಿದಿರುವ ಮಣಕಾವನ್ನು ಉಳಿಸಿ ಯಾರಿಗೆ ಕೊಡುವುದಿದೆ, ಖರ್ಚಾದರೆ ಖರ್ಚಾಗಲಿ, ಕೆಲಸ ಮಾಡಿಕೊಂಡೇ ಸವೆಯುತ್ತೇನೆ ಎಂದರು. ಬಾಯಾರು, "ಹಂಗರೆ ಸವೀರಿ, ದಿನಾ ಸ್ವಲ್ಪ ಸ್ವಲ್ಪ ಸವೀರಿ" ಎಂದು ಒಪ್ಪಿಕೊಂಡರು. ಮೊದಲು ನಮ್ಮ ಶೆಡ್ಡಿನ ತನಕ, ಆಮೇಲೆ ಓಣಿಯ ತುದಿಗೆ, ಆಮೇಲೆ ಮಾರುಕಟ್ಟೆಗೆ. ನಡುವೆ ಕೆಲವು ವಾರ ನೋವು ತಿರುಗಿ ಬಂದು ಮಲಗಿಸಿದ್ದೂ ಉಂಟು. ಆಗ ಮನೆಯವರೆಲ್ಲ ಮತ್ತೆ ಹೆದರಿದ್ದರು. ಆದರೆ ಈ ಸಲ ಅವರೇ ಎದ್ದರು, ಬೈಯುತ್ತ ಎದ್ದರು. ಬೀಮ್ ಎತ್ತುವುದನ್ನು ಬಿಟ್ಟು ಉಳಿದ ಕೆಲಸವೆಲ್ಲ ತಿರುಗಿ ಕೈಗೆ ಬಂತು. ಪಟ್ಟಾವನ್ನು ಕಾಕು ಗಂಗಾಳ ಇಡುವ ಹಲಗೆಯ ಮೇಲೆ ಎಸೆದಳು.

ಒಂದು ವರ್ಷದ ಮೇಲೆ ಮಗಳ ಒತ್ತಾಯಕ್ಕೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದರು. ಜಮಖಂಡಿಯ ಅದೇ ಡಾಕ್ಟರು ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ಮಣಕಾ ಹಾಗೆಯೇ ಇದ್ದವು. ಒಂದು ಕಡೆ ಸ್ವಲ್ಪ ಹೆಚ್ಚೇ ಸವೆದಿತ್ತು. ನೋವು ಮಾತ್ರ ಬಹಳ ಮಟ್ಟಿಗೆ ಹೋಗಿತ್ತು. ಕಾಕಾಗೆ ಇದು ಸಂತೋಷ ಕೊಡಲಿಲ್ಲ, ಅವಮಾನವಾದಂತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನನಗೆ ಹೇಳಿದರು:

"ಪಾರ್ಟ್ ಹಂಗ ಐತಿ, ಆವಾಜ್ ಹೋಗೈತಿ. ಇದು ಎಂಥಾ ಮಶೀನಬೇ? ಲೆಕ್ಕಾನ ಹತ್ತವಲ್ದು."

ನನಗೆ ಅದು ಅಂದು ಬರೀ ತಮಾಷೆಯಾಗಿ ಕಂಡಿತ್ತು. ಮುಂದೆ ಕೆಲವು ವರ್ಷಗಳಲ್ಲಿ ನನ್ನ ಟೊಂಕವೂ ಹಿಡಿಯಿತು. ದಿನವಿಡೀ ಕುಳಿತು ಸಾಕ್ಷಿಗಳ ಹೇಳಿಕೆ ಟೈಪು ಮಾಡುವ ಕೆಲಸ, ಹಿಡಿಯದೆ ಏನಾಗುತ್ತದೆ. ನನ್ನ ಫಿಲ್ಮು ನೋಡಿದವರೂ ಅದೇ ಶಬ್ದ ಹೇಳಿದರು. ಸವೆದಿದೆ ಎಂಬ ಶಬ್ದವನ್ನು ನಮ್ಮ ಮೈಯ ಬಗ್ಗೆ ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಹಾಸಿಗೆ ಹಾಸಿ ಮಲಗಿಬಿಡಬೇಕು, ಯಾರೂ ಮುಟ್ಟಬಾರದು ಅನ್ನಿಸಿತು. ಊರಿಗೆ ಬಂದು ಬಸ್ಸಿಳಿದವಳು ಮನೆಗೆ ಹೋಗದೆ ನೇರವಾಗಿ ಕಾಕಾನ ಕಡೆಗೇ ಹೋದೆ. ಅವರು ಬಾಗಿಲಲ್ಲಿ ನಿಂತು ಯಾವುದೋ ಸ್ಪ್ರಿಂಗನ್ನು ಉಜ್ಜುತ್ತಿದ್ದರು. ಎಲ್ಲ ಹೇಳಿದೆ. ಅತ್ತುಬಿಟ್ಟೆ ಕೂಡ.

ಸಮಾಧಾನ ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು:

"ಖರೆ ಹೇಳಬೇಕಂದ್ರ ಆ ಬಾಯಾರ ಮಾತು ನಾ ಇನ್ನೂ ನಂಬಿಲ್ಲವಾ. ಓಡಿಸಿದ್ರ ಸವೀಲೇಬೇಕು. ಆದ್ರ ನೀ ಅಡ್ಡಾಡು. ಮಲಕೋಬ್ಯಾಡ. ನಾ ಮಲಗಿ ನೋಡೇನಿ."

ಅವರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಹಿಂದೆ ಹೋದೆ. ಓಣಿ ದಾಟಿ, ಹೊಲಗಳು ಕಾಣುವ ತನಕ ನಡೆದೆವು. ಅವರು ದಾರಿಯುದ್ದಕ್ಕೂ ಯಾವ ಯಾವ ಶೆಡ್ಡಿನಲ್ಲಿ ಯಾವ ಮಗ್ಗ ಸುಳ್ಳು ಸದ್ದು ಮಾಡುತ್ತಿದೆ ಎಂದು ಹೇಳುತ್ತಿದ್ದರು, ನನ್ನ ಟೊಂಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಬಂದು ಬಾಗಿಲು ಬಡಿದರು. ನನ್ನ ನೋವು ಪೂರ್ತಿ ಹೋಗಿಲ್ಲ, ಬಂದು ಹೋಗಿ ಮಾಡುತ್ತದೆ. ಆದರೆ ನಾನು ನಡೆಯುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ಯಾವ ಮಂಚದ ಮೇಲೆ ಇರುತ್ತಿದ್ದೆನೋ ಗೊತ್ತಿಲ್ಲ. ನನ್ನ ಮೇಲೆ ಈ ಋಣ ಅವರದು, ಅದನ್ನು ಅವರಿದ್ದಾಗ ಹೇಳಿದ್ದರೆ ಬೈದು ಕಳಿಸುತ್ತಿದ್ದರು.

ಕಳೆದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಟೊಂಕದಿಂದಲ್ಲ. ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದುಕೊಂಡಿದೆ ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಚಕ್ಕಂಬಕ್ಕಳ ಹಾಕಿ ಕೂರಿಸಿದರು. ಮೈ ಮುಂದಕ್ಕೆ ಬಾಗದಿರಲಿ ಎಂದು ಇಬ್ಬರು ಗಂಡಸರು ಧೋತರವನ್ನು ಅವರ ನಡುವಿಗೆ ಸುತ್ತಿ, ಹಿಂದಿನ ಗೂಟಕ್ಕೆ ಎಳೆದು ಕಟ್ಟುತ್ತಿದ್ದರು. ಹೆಂಗಸರ ಅಳುವಿನ ನಡುವೆ ಅಲ್ಲಿಯ ತನಕ ಬಾಯಿ ಬಿಡದೆ ಕುಳಿತಿದ್ದ ಕಾಕು ತಟ್ಟನೆ ತಲೆ ಎತ್ತಿದಳು.

"ಅಷ್ಟ ಜಗ್ಗಬ್ಯಾಡ್ರೋ. ಟೊಂಕ ನೋಯತೈತಿ ಅವರಿಗೆ."

ಕಟ್ಟುತ್ತಿದ್ದವನು ಗಂಟನ್ನು ಸಡಿಲು ಮಾಡಿದ. ಅವ್ವ ಒಳಗೆ ಹೋಗಿ ಒಂದು ಕೌದಿ ಮಡಚಿ ತಂದು, ಅವರ ಟೊಂಕಕ್ಕೂ ಗೋಡೆಗೂ ನಡುವೆ ಇಟ್ಟಳು.